ಕಾಲಿಗೆ ನೀರು

ನನ್ನ ಜೀವಮಾನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಿಬಿಡುತ್ತೇನೆ. "ನೀವ್ಯಾಕ ಇಳೀತೀರಿ? ಅಲ್ಲೇ ಕುಂದರ್ರಿ, ಗಾಡಿಗೇ ತಂದ ಕೊಡ್ತೀವಿ." ರೋಣದ ಚಹಾದಂಗಡಿಯಲ್ಲೂ ಇದೇ ಮಾತು, ನರಗುಂದದ ಮಿರ್ಚಿ ಗಾಡಿಯಲ್ಲೂ ಇದೇ ಮಾತು, ಗಜೇಂದ್ರಗಡದ ಖಾನಾವಳಿಯಲ್ಲೂ ಇದೇ ಮಾತು. ಹೇಳುವವರ ಮುಖದಲ್ಲಿ ಪ್ರೀತಿಯೇ ಇರುತ್ತದೆ, ಅದರಲ್ಲಿ ಸುಳ್ಳಿಲ್ಲ. ಕೇಳಿದ್ದಕ್ಕಿಂತ ಒಂದು ಮಿರ್ಚಿ ಹೆಚ್ಚೇ ಬರುತ್ತದೆ. ನಾನು ಸ್ಕೂಟಿಯ ಮೇಲೆ ಕೂತು, ಹೋಗಿಬರುವ ಟ್ರ್ಯಾಕ್ಟರುಗಳ ಧೂಳಿನಲ್ಲಿ ತಿಂದು, ತಟ್ಟೆ ಮರಳಿಸಿ ಬರುತ್ತೇನೆ. ಒಳಗೆ ಗೋಡೆಗೆ ಯಾವ ಬಣ್ಣ ಹಚ್ಚಿದ್ದಾರೆ, ಫ್ಯಾನಿನ ಕೆಳಗೆ ಕೂತವರು ಏನು ಮಾತಾಡಿಕೊಂಡು ಅಷ್ಟು ನಗುತ್ತಾರೆ ಎಂಬುದು ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಯಿತು. ಆ ಕಥೆ ಹೇಳಿ ಕೇಳುವವರ ಕಣ್ಣಲ್ಲಿ ನೀರು ತರಿಸುವ ಉಮೇದು ನನಗಿಲ್ಲ. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟಿ ಇದೆ, ಅದರ ಪಕ್ಕಕ್ಕೆ ಮಡಚಿ ಕಟ್ಟಿದ ಗಾಲಿಕುರ್ಚಿ ಇದೆ, ರೋಣದಲ್ಲಿ ಸರಕಾರಿ ಕಚೇರಿಗಳಿರುವ ರಸ್ತೆಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ಜನರಿಗೆ ಅರ್ಜಿ ತುಂಬಿಕೊಡುತ್ತೇನೆ, ತಪ್ಪು ತುಂಬಿಸಿಕೊಂಡು ಬಂದವರಿಗೆ ಮೊದಲು ಬೈದು ಆಮೇಲೆ ತುಂಬಿಕೊಡುತ್ತೇನೆ. "ಆಕಿಗೆ ಕಾಲ ಇಲ್ಲ ಖರೇ, ಬಾಯಿ ಮಾತ್ರ ಎರಡ ಅದಾವ" ಎಂದು ನಮ್ಮ ಸಾಲಿನ ಅಂಗಡಿಯವರು ಆಡಿಕೊಳ್ಳುತ್ತಾರೆ. ನನ್ನ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಾರೆ, ನನಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಈ ಎರಡು ಬಾಯಿಯೇ ನನ್ನನ್ನು ಸಿಕ್ಕಿಹಾಕಿಸಿತು. ನರಗುಂದದ ಒಬ್ಬ ಟೆಂಪೊ ಮಾಲೀಕ ಯಾವುದೋ ಪರ್ಮಿಟ್ಟಿನ ಅರ್ಜಿ ತುಂಬಿಸಲು ನನ್ನ ಅಂಗಡಿಗೆ ಬಂದಿದ್ದ. ರೋಣ ಅವನ ಹೆಂಡತಿಯ ತವರು, ಹಾಗಾಗಿ ಇಂಥ ಕೆಲಸಕ್ಕೆಲ್ಲ ನನ್ನಲ್ಲಿಗೇ ಬರುತ್ತಾನೆ. ತಂದೆಯ ಕಾಲದವರೆಗೂ ಅವರ ಮನೆಯಲ್ಲಿ ಹತ್ತಿ ವ್ಯಾಪಾರ. ಇವನು ಅದನ್ನು ಬಿಟ್ಟು ಹನ್ನೆರಡು ಸೀಟಿನ ಗಾಡಿ ಇಟ್ಟುಕೊಂಡು ಜನರನ್ನು ಊರೂರು ತೋರಿಸಿಕೊಂಡು ಬರುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಬಹಳ ಬೇಗ ಕೈಚೆಲ್ಲುವ ಮನುಷ್ಯ. ನಾನು ಬರೆಯುತ್ತಿದ್ದಂತೆ ಹೇಳಿದ: "ಧಾರವಾಡದಿಂದ ಒಬ್ಬರು ಅಕ್ಕೋರು ಫೋನ್ ಮಾಡಿದ್ರ ನೋಡ್ರಿ ಅಕ್ಕಾರ. ಸಾಲ್ಯಾಗ ಕಲಸತಿದ್ರಂತ, ಈಗ ರಿಟೈರ್ ಆಗ್ಯಾರ. ಆರು ಮಂದಿ ಹೆಣ್ಣಮಕ್ಕಳು, ಸೂಡಿ ಹೊಂಡ ನೋಡ್ಬೇಕಂತ, ಗಜೇಂದ್ರಗಡದಾಗ ಸೀರಿ ನೇಯೋದ ನೋಡ್ಬೇಕಂತ, ಖಾನಾವಳ್ಯಾಗ ರೊಟ್ಟಿ ಉಣಬೇಕಂತ. ಆದ್ರ ಇಬ್ಬರು ಗಾಲಿ ಕುರ್ಚಿ ಮ್ಯಾಲ, ಒಬ್ಬಾಕಿಗೆ ಕಣ್ಣ ಕಾಣಂಗಿಲ್ಲ. ನಾ ಆಗಂಗಿಲ್ರಿ ಅಂದಬಿಟ್ಟೆ. ಸುಮ್ನ ತ್ರಾಸ ಆಗ್ತದ."

ನಾನು ಪೆನ್ನು ಕೆಳಗಿಟ್ಟೆ. "ತ್ರಾಸ ಯಾರಿಗೆ? ಅವರಿಗೋ, ನಿನಗೋ?"

ಅವನು ನನ್ನ ಕುರ್ಚಿಯನ್ನೊಮ್ಮೆ ನೋಡಿ, ತಾನು ಯಾರ ಮುಂದೆ ಏನು ಹೇಳಿದೆ ಎಂಬುದು ಆಗ ಹೊಳೆದು, ತಲೆ ಕೆರೆದುಕೊಂಡ. "ಹಂಗಲ್ರಿ ಅಕ್ಕಾರ, ನಿಮ್ಮ ಮಾತ ಬ್ಯಾರೆ."

"ನನ್ನ ಮಾತ ಬ್ಯಾರೆ ಹ್ಯಾಂಗ ಆಗ್ತದೋ ತಮ್ಮಾ? ಫೋನ್ ಹಚ್ಚು ಇತ್ಲಾಗ."

ಹೀಗೆ ಸಿಟ್ಟಿನಲ್ಲಿ ಶುರುವಾದದ್ದು. ಫೋನಿನ ಆ ಕಡೆಯ ದನಿ ಮೆತ್ತಗಿತ್ತು, ಆದರೆ ತರಗತಿಯಲ್ಲಿ ಗದ್ದಲ ಮಾಡುವವರನ್ನು ಒಂದೇ ಮಾತಿನಲ್ಲಿ ಸುಮ್ಮನಾಗಿಸುವ ದನಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ, ನಾನೂ ಹಾಗೇ ಕರೆದೆ. ಬನ್ನಿ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದೆ.

"ನಾ ಭಾಳ ಕಡೆ ಅಡ್ಡಾಡೇನ್ರಿ," ಎಂದರು. "ಹ್ವಾದಲ್ಲೆಲ್ಲಾ ನಾಕ ಮಂದಿ ಓಡಿ ಬರ್ತಾರ, ಕುರ್ಚಿ ಸಮೇತ ಎತ್ತತಾರ. ಕೇಳೋದೂ ಇಲ್ಲ. ಒಮ್ಮೆ ಹಂಗ ಎತ್ತಿದವರು ಮೆಟ್ಟಲ ಮ್ಯಾಲ ಜಾರಿ ನನ್ನ ಬೀಳಿಸಿದ್ರು. ಆರು ತಿಂಗಳ ಹಾಸಿಗಿ ಹಿಡದೆ. ಅದಕ ನನಗ ಒಂದ ಮಾತ ಕೊಡ್ರಿ. ನಮ್ಮನ್ನ ಯಾರೂ ಎತ್ತಬಾರದು. ಮತ್ತ ಊಟ ಎಲ್ಲಾರ ಜೋಡಿ ಒಳಗ ಕುಂತು, ಗಾಡ್ಯಾಗಲ್ಲ. ಇಷ್ಟ ಆಗೋದಿದ್ರ ಬರ್ತೀವಿ. ಇಲ್ಲಂದ್ರ ಇನ್ನ ಮ್ಯಾಲ ನಾ ಎಲ್ಲಿಗೂ ಹೋಗೋದಿಲ್ಲಂತ ತೀರ್ಮಾನ ಮಾಡೇನಿ."

"ಯಾರೂ ಎತ್ತಂಗಿಲ್ರಿ. ಊಟಾ ಒಳಗಽ," ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹೊಳೆಯಿತು: ನಾನೇ ಯಾವತ್ತೂ ಕಾಣದ ಸುಖವನ್ನು ಇನ್ನೊಬ್ಬರಿಗೆ ಖಾತ್ರಿ ಕೊಟ್ಟುಬಿಟ್ಟಿದ್ದೆ. ಕೊಟ್ಟ ಮಾತು ತಪ್ಪಿದರೆ ಆ ಹೆಂಗಸು ಮನೆಯ ಹೊಸ್ತಿಲು ದಾಟುವುದನ್ನೇ ಬಿಡುತ್ತಾರೆ. ಅವರು ಬರಲು ಮೂರು ವಾರವಿತ್ತು.

ನಮ್ಮ ಕಡೆಯ ಜನರನ್ನು ಬಲ್ಲವರಿಗೆ ನಾನು ಕೊಟ್ಟ ಮಾತು ಎಷ್ಟು ಕಷ್ಟದ್ದೆಂದು ಗೊತ್ತಾಗುತ್ತದೆ. ನಮ್ಮವರಿಗೆ ಕೈ ಮೊದಲು ಓಡುತ್ತದೆ, ಬಾಯಿ ಆಮೇಲೆ. ಕಷ್ಟದಲ್ಲಿರುವವರನ್ನು ಕಂಡರೆ ಸಾಕು, ಪಂಚೆ ಎತ್ತಿಕಟ್ಟಿ ಬರುತ್ತಾರೆ. ಅದು ದೊಡ್ಡ ಗುಣವೇ. ಆದರೆ ಎತ್ತಿಸಿಕೊಳ್ಳುವವರ ಕಡೆಯಿಂದ ನೋಡಿದರೆ ಬೇರೆ ಕಾಣುತ್ತದೆ. ಒಂದು ಮದುವೆಯಲ್ಲಿ ನನ್ನನ್ನು ಹೀಗೇ ನಾಲ್ಕು ಜನ ಜೋಳದ ಚೀಲದ ಹಾಗೆ ಎತ್ತಿಕೊಂಡು ಹೋಗಿ ವೇದಿಕೆಯ ಮೇಲೆ ಬೀಗರ ಸಾಲಿನಲ್ಲಿ ಕೂಡಿಸಿ, ಪುಣ್ಯದ ಕೆಲಸ ಮಾಡಿದೆವೆಂದು ಕೈ ಝಾಡಿಸಿಕೊಂಡು ಊಟಕ್ಕೆ ಹೋಗಿಬಿಟ್ಟರು. ನಾನು ಹೆಣ್ಣಿನ ಕಡೆಯವಳು. ಗಂಡಿನ ಕಡೆಯ ಅಪರಿಚಿತ ಹೆಂಗಸರ ನಡುವೆ ಎರಡು ತಾಸು ಅಕ್ಕಿಕಾಳು ಹಿಡಿದು ಕೂತಿದ್ದೆ. ಎಲ್ಲ ಫೋಟೋದಲ್ಲೂ ಅವರ ಬಳಗದಲ್ಲಿ ಇದ್ದೇನೆ.

ಮೊದಲು ಹೋದದ್ದು ಗಜೇಂದ್ರಗಡದ ಖಾನಾವಳಿಗೆ. ನಡೆಸುವಾಕೆ ಅರವತ್ತು ದಾಟಿದ ಹೆಂಗಸು. ತನ್ನ ಮನೆಯ ಮುಂಭಾಗವನ್ನೇ ಊಟದ ಕೋಣೆ ಮಾಡಿಕೊಂಡಿದ್ದಾಳೆ, ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತದೆ. ಎಷ್ಟೋ ವರ್ಷದಿಂದ ನಾನು ಆಕೆಯ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡದ್ದೆಲ್ಲ ಹೊರಗೆ ಸ್ಕೂಟಿಯ ಮೇಲೆಯೇ. ಗಟಾರದ ಮೇಲಿನ ಹಾಸುಗಲ್ಲು ದಾಟಿದರೆ ಮೂರು ಮೆಟ್ಟಿಲು, ಆಮೇಲೆ ಬಾಗಿಲು. ಆ ಬಾಗಿಲಲ್ಲಿ ಒಂದು ತಾಮ್ರದ ಹಂಡೆ, ಒಂದು ತಂಬಿಗೆ. ಒಳಗೆ ಕಾಲಿಡುವ ಪ್ರತಿಯೊಬ್ಬರ ಕಾಲಿಗೂ ಆಕೆ ನೀರು ಕೊಡಬೇಕು, ಅವರು ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಮನೆಗೆ ಬಂದವರಿಗೆ ನಮ್ಮಲ್ಲಿ ಎಲ್ಲರೂ ಮಾಡುವುದನ್ನು ಆಕೆ ಖಾನಾವಳಿಯಲ್ಲೂ ಬಿಟ್ಟಿಲ್ಲ. ಲಾರಿ ಡ್ರೈವರುಗಳು ಚೇಷ್ಟೆ ಮಾಡುತ್ತಾರೆ, ಆದರೆ ಬೂಟು ಬಿಚ್ಚಿ ಕಾಲು ಒಡ್ಡುತ್ತಾರೆ.

ವಿಷಯ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು.

"ಎತ್ತಲಾರದ ಹ್ಯಾಂಗ ಒಳಗ ಬರ್ತಾರ ತಂಗಿ?"

"ಗಾಲಿ ಮ್ಯಾಲ ಬರ್ತಾರ ಯಕ್ಕಾ. ಇಳಿಜಾರ ಮಾಡಸೂಣು."

"ಮಾಡಸೂಣಂತ. ಇಷ್ಟ ದಿನಾ ನೀ ಯಾಕ ಹೇಳಲಿಲ್ಲ?"

ಊರಿಗೆಲ್ಲ ಅರ್ಜಿ ಬರೆದುಕೊಡುವ ನಾನು ನನ್ನ ಸಲುವಾಗಿ ಒಂದು ಮಾತು ಕೇಳಿರಲಿಲ್ಲ. ಮಾತು ಬದಲಿಸಿ ಹಿತ್ತಲ ಓಣಿಯಿಂದ ಹೋಗಿ ಪಾಯಖಾನೆಯ ಬಾಗಿಲು ಅಳೆದೆ. ನನ್ನ ಕುರ್ಚಿಯೇ ಅಳತೆಗೋಲು, ಅದು ಸಿಕ್ಕಿಕೊಂಡಿತು. ಬಾಗಿಲು ದೊಡ್ಡದಾಗಬೇಕು, ಒಳಕ್ಕೆ ತೆರೆಯುವ ಬದಲು ಹೊರಕ್ಕೆ ತೆರೆಯಬೇಕು, ಹಿಡಿಯಲು ಒಂದು ಪೈಪು ಬೇಕು ಎಂದು ಬರೆದುಕೊಂಡೆ. ಎರಡು ಮೇಜಿನಿಂದ ಒಂದೊಂದು ಕುರ್ಚಿ ತೆಗೆಯಬೇಕು ಎಂದೂ ಬರೆದುಕೊಂಡೆ. ಕೊನೆಗೆ ಹೇಳಿದೆ: "ಅವತ್ತ ಕುರ್ಚಿ ಮ್ಯಾಲ ಬಂದವರ ಕಾಲಿಗೆ ನೀರು ಬ್ಯಾಡ. ನೆಲಾ ಹಸಿ ಆದ್ರ ಗಾಲಿ ಜಾರತಾವ. ಅವರ ಕಾಲಿಗೆ ಎಲ್ಲಿ ಧೂಳ ಹತ್ತಿರತದ?"

ಆಕೆ ನನ್ನನ್ನೇ ನೋಡಿದಳು. "ಖರೇ ಅಂತೀಯೇನ?"

"ಖರೇ. ನನಗ ಗೊತ್ತಿಲ್ಲೇನು?"

"ನಿನಗ ಗೊತ್ತಿರಬೇಕ ಬಿಡು," ಎಂದು ಒಳಗೆ ಹೋದಳು.

ಇಳಿಜಾರಿನ ಕೆಲಸ ರೋಣದ ಒಬ್ಬ ವೆಲ್ಡರನದು. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದ ಮನುಷ್ಯ, ನನ್ನ ತಂದೆಯ ಗೆಳೆಯ, ನನಗೆ ಚಾಚಾ. ಮೂರು ಮೆಟ್ಟಿಲು ಏರಲು ಒಂದು ತಗಡು ಬೇಕು ಎಂದೆ. ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಇದೇನ ದೊಡ್ಡ ಕೆಲಸ ಬೇಟಿ? ವಾರಕ್ಕ ನಾಕ ಮಾಡ್ತೀನಿ." ಎರಡೇ ದಿನಕ್ಕೆ ಮಾಡಿಕೊಂಡು ಗಜೇಂದ್ರಗಡಕ್ಕೆ ತಂದು ಇಟ್ಟರು. ನೋಡಿದ ಕೂಡಲೇ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ನಮ್ಮೂರುಗಳಲ್ಲಿ ಪ್ರತಿ ಮನೆಯ ಕಟ್ಟೆಗೂ ಇಂಥದೊಂದು ತಗಡು ಇರುತ್ತದೆ, ಬೈಕ್ ಹತ್ತಿಸಲು. ಗೇರ್ ಹಾಕಿ ಎಕ್ಸಿಲರೇಟರ್ ತಿರುವಿದರೆ ಬೈಕ್ ಗಕ್ಕನೆ ಮೇಲೇರುತ್ತದೆ. ಚಾಚಾ ನನಗೂ ಅದನ್ನೇ ಮಾಡಿದ್ದರು, ನಾಲ್ಕಡಿ ಉದ್ದ, ಗೋಡೆ ಹತ್ತಿದ ಹಾಗೆ ಕಡಿದು.

ಹತ್ತಿ ತೋರಿಸದೆ ಒಪ್ಪುವ ಮನುಷ್ಯನಲ್ಲ ಎಂದು ಹತ್ತಿ ತೋರಿಸಿದೆ. ತಗಡಿನ ಅರ್ಧ ದಾರಿ ಏರುವುದರೊಳಗೆ ಕುರ್ಚಿಯ ಮುಂದಿನ ಗಾಲಿ ಮೇಲೆದ್ದವು, ನಾನು ಆಕಾಶ ನೋಡತೊಡಗಿದೆ. ಚಾಚಾ ಹಿಂದಿನಿಂದ ಹಿಡಿಯದಿದ್ದರೆ ಗಟಾರದಲ್ಲಿರುತ್ತಿದ್ದೆ.

"ನೋಡು, ಹಿಂದಿಂದ ಒಬ್ಬರು ಎತ್ತಿ ದೂಕಿದ್ರ ಆತು," ಎಂದರು, ಇನ್ನೂ ಉಸಿರು ಬಿಡುತ್ತಾ.

"ಎತ್ತಬಾರದು ಅಂತಲೇ ಮಾಡಸಾಕತ್ತೇನ್ರಿ ಚಾಚಾ. ನೀವ ಕುಂದರ್ರಿ ಇದರಾಗ. ಕಬ್ಬಿಣಾ ಬಡಿಯೋ ಕೈ ನಿಮ್ಮವು. ಏರಿ ತೋರಸ್ರಿ."

ನಾನು ಸ್ಕೂಟಿಗೆ ಸರಿದೆ, ಚಾಚಾ ಕುರ್ಚಿಯಲ್ಲಿ ಕೂತರು. ನಕ್ಕು ಕೂತರು. ಒಮ್ಮೆ ತಿರುವಿದರು, ಎರಡು ಸಲ ತಿರುವಿದರು, ಕತ್ತಿನ ನರ ಉಬ್ಬಿತು, ಕುರ್ಚಿ ಹಿಂದಕ್ಕೇ ಬಂತು. ಮೂರನೆಯ ಸಲಕ್ಕೆ ನಗು ಹೋಗಿತ್ತು. ಕೆಳಗಿಳಿದು, ತಮ್ಮ ತಗಡನ್ನು ತಾವೇ ಕಾಲಿನಿಂದ ಸರಿಸಿ, ಕಿಸೆಯಿಂದ ಟೇಪು ತೆಗೆದರು. "ನಿನ್ನ ಅಳತಿ ಹೇಳು," ಎಂದರು. ಮೂರೂ ಮೆಟ್ಟಿಲು ಸೇರಿ ಎತ್ತರ ಒಂದೂವರೆ ಅಡಿ, ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು, ಹಾಗಾಗಿ ಹದಿನೆಂಟು ಅಡಿ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

ಅದನ್ನು ಅವರು ಹಳೆಯ ಟ್ರೇಲರುಗಳ ತಳದ ತಗಡಿನಿಂದ ಕಟ್ಟಿದರು. ಗೋಡೆಗುಂಟ ಉದ್ದಕ್ಕೆ ಹೋಗಿ ಬಾಗಿಲಿಗೆ ಸೇರುವಂತೆ, ಪಕ್ಕಕ್ಕೆ ಹಿಡಿಕೆ, ನಡುವೆ ಉಸಿರು ತೆಗೆದುಕೊಳ್ಳಲು ಒಂದು ಸಮತಟ್ಟು. ಟೆಂಪೊ ಹತ್ತಿಳಿಯಲು, ಕೂತುಕೊಂಡೇ ಒಂದರಿಂದ ಇನ್ನೊಂದಕ್ಕೆ ಸರಿಯುವ ಹಾಗೆ ಎರಡು ಹಂತದ ಗಟ್ಟಿ ಮಣೆಯನ್ನೂ ಮಾಡಿದರು, ಅದನ್ನು ನಾನು ಕೇಳಿರಲೇ ಇಲ್ಲ. ಕೂಡಿಸಿದ ದಿನ ಕುರ್ಚಿಯಲ್ಲಿ ಮೊದಲು ತಾವೇ ಕೂತರು. ಓಣಿಯ ಮಂದಿಯೆಲ್ಲ ನೋಡುತ್ತಿದ್ದಂತೆ ಒಂದು ಕೈಯಲ್ಲಿ ಗಡ್ಡ ಸವರುತ್ತಾ, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದು ಬಾಗಿಲವರೆಗೆ ಏರಿಹೋದರು. "ಇನ್ನ ನೀ ಬಾ ಬೇಟಿ," ಎಂದರು. ನಾನೂ ಏರಿ ಬಾಗಿಲವರೆಗೆ ಹೋದೆ, ಅಲ್ಲಿಂದ ತಿರುಗಿ ಬಂದೆ. ಒಳಗೆ ಹೋಗಲಿಲ್ಲ. ಒಳಗೆ ಕೂತು ಉಣ್ಣುವ ಮೊದಲ ಊಟ ಆ ಹೆಂಗಸರ ಜೊತೆಗೇ ಆಗಬೇಕೆಂದು ನಿರ್ಧಾರ ಮಾಡಿದ್ದೆ. ಒಮ್ಮೊಮ್ಮೆ ನನಗೆ ಹೀಗೆ ಹಟ ಬರುತ್ತದೆ.

ಇಳಿಜಾರು ಮಾಡಿಸುವುದು ಸುಲಭ, ಕೈ ಕಟ್ಟಿಸುವುದು ಕಷ್ಟ. ಟೆಂಪೊ ಮಾಲೀಕನಿಗೆ ವಾರಗಟ್ಟಲೆ ಪಾಠ ಹೇಳಿದೆ: ಕೈ ಹಿಂದೆ ಕಟ್ಟಿಕೊಂಡು ನಿಲ್ಲು, ಏನು ಬೇಕೆಂದು ಕೇಳು, ಹೇಳಿದಷ್ಟೇ ಮಾಡು, ಮಾತಾಡುವಾಗ ಜೊತೆಗಿರುವವರನ್ನಲ್ಲ, ಅವರನ್ನೇ ನೋಡಿ ಮಾತಾಡು. ಸೀರೆ ನೇಯುವವರ ಮನೆಗೂ ಹೋಗಿ ಇದನ್ನೇ ಹೇಳಿ ಬಂದೆ. ಎಲ್ಲರೂ ಹೂಂ ಹೂಂ ಎಂದರು. ನಮ್ಮ ಕಡೆಯ ಹೂಂ ನನಗೆ ಚೆನ್ನಾಗಿ ಗೊತ್ತು, ಹಾಗಾಗಿ ಹಿಂದಿನ ಎರಡು ದಿನ ನನಗೆ ಊಟ ಸೇರಲಿಲ್ಲ.

ಆ ದಿನ ಬಂತು. ಟೆಂಪೊ ಬೆಳಗ್ಗೆ ಧಾರವಾಡದಿಂದ ಹೊರಟು, ನರಗುಂದದಲ್ಲಿ ಚಹಾ ಮುಗಿಸಿ ರೋಣಕ್ಕೆ ಬಂದಾಗ ನಾನು ಅಂಗಡಿಗೆ ಬೀಗ ಹಾಕಿ ಸ್ಕೂಟಿಯ ಮೇಲೆ ಕಾಯುತ್ತಿದ್ದೆ. ಕಿಟಕಿಯ ಪಕ್ಕದಲ್ಲಿ ಬಿಳಿ ಕೂದಲಿನ, ದಪ್ಪ ಕನ್ನಡಕದ ಅಕ್ಕೋರು. ಟೆಂಪೊ ಮಾಲೀಕ ಇಳಿದು ಬಾಗಿಲ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತ.

"ಧಾರವಾಡದಿಂದ ಹಿಂಗಽ ನಿಂದರತಾನ್ರಿ ಇವಾ," ಎಂದು ಅಕ್ಕೋರು ನನಗೆ ಹೇಳಿದರು. "ಯಾರರೇ ಶಿಕ್ಷಾ ಮಾಡ್ಯಾರೇನು?"

"ನಾನೇ ಮಾಡೇನ್ರಿ," ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ, ಆದರೆ ಕೈ ಬಿಡಲಿಲ್ಲ.

ಸೂಡಿಯಲ್ಲಿ ಎಲ್ಲ ಕೆಡುವುದರಲ್ಲಿತ್ತು. ಒಳಗೋಡೆಯ ತುಂಬ ಕಲ್ಲಿನ ಕೆತ್ತನೆ ಇರುವ ಆ ಹಳೆಯ ಹೊಂಡಕ್ಕೆ ಕುರ್ಚಿಯಲ್ಲಿ ಇಳಿಯಲಾಗುವುದಿಲ್ಲ, ಮೇಲಿನ ಅಂಚಿನಿಂದ ನೋಡಬೇಕು. ಅದಕ್ಕೆ ಹೋಗುವ ದಾರಿಯಲ್ಲಿ ಚಿಕ್ಕ ದೊಡ್ಡ ಕಲ್ಲು ಚೆಲ್ಲಿದ್ದವು. ಅಕ್ಕೋರ ಕುರ್ಚಿಯ ಗಾಲಿ ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ಅಷ್ಟೇ ಸಾಕಾಯಿತು. ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಗಂಡಸರು ಪಂಚೆ ಎತ್ತಿಕಟ್ಟಿ ಓಡಿಬಂದರು. ಟೆಂಪೊ ಮಾಲೀಕ ಬೇಡ ಬೇಡ ಎನ್ನುವುದರೊಳಗೆ ಎರಡು ಕೈ ಕುರ್ಚಿಯ ಹಿಡಿಕೆಗೆ, ಎರಡು ಕೈ ಕಾಲಿಡುವ ಪಟ್ಟಿಗೆ ಬಿದ್ದಿದ್ದವು. ಅಕ್ಕೋರ ಮುಖದ ಬಣ್ಣ ಹೋಯಿತು. ಕಣ್ಣು ಮುಚ್ಚಿಕೊಂಡು ಕುರ್ಚಿಯ ಅಂಚು ಹಿಡಿದರು.

"ಕೈ ತಗೀರಿ," ಎಂದು ಕೂಗಿದೆ. ನನ್ನ ಎರಡೂ ಬಾಯಿ ಒಟ್ಟಿಗೆ ಕೂಗಿರಬೇಕು, ಹೊಂಡದ ಗೋಡೆಯಿಂದ ದನಿ ಮರಳಿ ಬಂತು. ಎಲ್ಲರ ಕೈ ಸರಕ್ಕನೆ ಹಿಂದಕ್ಕೆ ಹೋಯಿತು. ಅವರಲ್ಲಿ ಹಿರಿಯ, ತಲೆಗೆ ಟವೆಲ್ ಸುತ್ತಿದ್ದ ರೈತ, ನೊಂದುಕೊಂಡು ಹೇಳಿದ: "ಸಹಾಯ ಮಾಡೂಣಂತ ಬಂದಿವಿ ತಂಗಿ. ಕೆಟ್ಟದ್ದೇನರೇ ಮಾಡಿದ್ವೇನು?"

ನಾನು ಇನ್ನೇನೋ ಒದರುವವಳಿದ್ದೆ. ಅಷ್ಟರಲ್ಲಿ ಅಕ್ಕೋರು ಕಣ್ಣು ತೆರೆದರು. ಮತ್ತೆ ಅದೇ ತರಗತಿಯ ದನಿ. "ಸಹಾಯ ಬೇಕ್ರಿ ಯಜಮಾನ್ರ. ನನ್ನ ಬಿಡ್ರಿ, ಆ ಕಲ್ಲ ಎತ್ತರಿ."

ಮುದುಕ ಒಂದು ಗಳಿಗೆ ಕಲ್ಲನ್ನೂ ಅವರನ್ನೂ ನೋಡಿದ. ಆಮೇಲೆ ಬಾಗಿ ಮೊದಲ ಕಲ್ಲನ್ನು ಎತ್ತಿ ಬೇಲಿಯ ಪಕ್ಕಕ್ಕೆ ಎಸೆದ. ಉಳಿದವರೂ ಸೇರಿದರು. ಅವರನ್ನು ಹತ್ತಿಸಿಕೊಳ್ಳದೆಯೇ ಬಸ್ಸು ಹೋಯಿತು, ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹೊಂಡದ ಅಂಚಿನವರೆಗೆ ಕಸ ಗುಡಿಸಿದಂಥ ದಾರಿಯಾಯಿತು. ಆ ದಾರಿಯ ಮೇಲೆ ಎರಡು ಗಾಲಿಕುರ್ಚಿ, ಹಿಂದೆ ನನ್ನದೊಂದು, ಒಂದರ ಹಿಂದೊಂದು ತಾವಾಗಿಯೇ ಉರುಳಿದವು. ಮೂವರೂ ಅಂಚಿನಲ್ಲಿ ನಿಂತು ಕೆಳಗೆ ನೀರಲ್ಲಿ ಬಿದ್ದ ಗೋಡೆಯಲ್ಲಿ ಕೆತ್ತಿದ ಪುಟ್ಟ ಕಲ್ಲುಗೋಪುರಗಳ ನೆರಳು ನೋಡಿದೆವು. ಸೂಡಿಯ ಮೇಲಿಂದ ನಾನು ಎಷ್ಟು ಸಲ ಹೋಗಿದ್ದೇನೋ, ಆ ನೀರನ್ನು ಕಂಡದ್ದು ಅದೇ ಮೊದಲು. ಹೋಗುವಾಗ ಆ ರೈತ ಟೆಂಪೊ ಮಾಲೀಕನನ್ನು ಬದಿಗೆ ಕರೆದು, ಇನ್ನೊಮ್ಮೆ ಇಂಥವರು ಬರುವ ಮುಂಚೆ ಒಂದು ಫೋನ್ ಮಾಡು, ದಾರಿ ಹಸನ ಮಾಡಿಟ್ಟಿರುತ್ತೇವೆ ಎಂದು ನಂಬರು ಕೊಟ್ಟನಂತೆ.

ಗಜೇಂದ್ರಗಡದಲ್ಲಿ ನೇಕಾರರ ಮನೆ. ಅಲ್ಲಿ ಮಗ್ಗ ನೆಲದ ಕುಣಿಯಲ್ಲಿದೆ, ನೇಯುವವನು ಕುಣಿಯೊಳಗೆ ಕಾಲಿಟ್ಟು ಕೂತಿರುತ್ತಾನೆ. ಹಾಗಾಗಿ ಕುರ್ಚಿಯ ಮೇಲೆ ಕೂತವರಿಗೇ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ನಿಂತವರು ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡರು. ಕಣ್ಣು ಕಾಣದ ಹೆಂಗಸು ಪಟ್ಟೇದಂಚಿನ ಒಂದು ಸೀರೆಯನ್ನು ಬೆರಳಿನಿಂದ ಓದುತ್ತಾ, ಅಂಚು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಪ್ಪಿಲ್ಲದೆ ಹೇಳಿದಳು. ನೇಕಾರ ಅಭ್ಯಾಸಬಲದಿಂದ ಆಕೆಯ ಗೆಳತಿಯ ಕಡೆ ತಿರುಗಿದ: "ಇವರಿಗೆ ಯಾವ ಬಣ್ಣ ತೋರಸ್ಲಿರಿ?" ನಾನು ಕೆಮ್ಮಿದೆ. ಅವನು ನಾಲಗೆ ಕಚ್ಚಿಕೊಂಡು ಆಕೆಯ ಕಡೆಗೇ ತಿರುಗಿದ. "ಅಕ್ಕಾರ, ನಿಮಗ ಯಾವ ಬಣ್ಣ ಬೇಕ್ರಿ?"

"ಹತ್ತ ವರ್ಷದಾಕಿ ಆಗೋತನಕಾ ನನಗ ಕಣ್ಣಿದ್ವು," ಎಂದಳು ಆಕೆ. "ಬಣ್ಣ ನೆನಪದಾವ. ಹೆಸರ ಹೇಳಬ್ಯಾಡ್ರಿ, ಹ್ಯಾಂಗ ಐತಿ ಹೇಳ್ರಿ."

ನೇಕಾರ ಕಕ್ಕಾಬಿಕ್ಕಿಯಾದ. ಆಮೇಲೆ ಒಂದು ಸೀರೆ ಕೈಯಲ್ಲಿ ಹಿಡಿದು, ಹೊಲದಿಂದ ಈಗ ಹರಿದು ತಂದ ಬದನೆಕಾಯಿಯ ಹಾಗೆ ಎಂದ. ಇನ್ನೊಂದು, ಅಂಗಳದಲ್ಲಿ ಎರಡು ಬಿಸಿಲು ಕಂಡ ಮೆಣಸಿನಕಾಯಿಯ ಹಾಗೆ. ಆಕೆ ಮೆಣಸಿನಕಾಯಿಯದನ್ನು ತೆಗೆದುಕೊಂಡು ಎದೆಗೆ ಹಿಡಿದಳು. ತನ್ನ ಸೀರೆಗಳನ್ನು ತಾನೇ ಮೊದಲ ಸಲ ಸರಿಯಾಗಿ ನೋಡಿದ ಹಾಗಾಯಿತು ಎಂದು ಅವನು ನನಗೆ ಆಮೇಲೆ ಹೇಳಿದ.

ಖಾನಾವಳಿ ಮುಟ್ಟಿದಾಗ ಮಧ್ಯಾಹ್ನ ಊಟದ ಜೋರು ಹೊತ್ತು. ಚಾಚಾ ಆಗಲೇ ಬಂದು ತಮ್ಮ ಇಳಿಜಾರಿನ ಬುಡದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಯಾರೂ ಹೇಳಿರಲಿಲ್ಲ. ಅಕ್ಕೋರು ಇಳಿಜಾರನ್ನು ತುದಿಯಿಂದ ತುದಿಯವರೆಗೆ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೊದಲ ಒಂಬತ್ತು ಅಡಿ ಬೇಗ ಏರಿದರು. ನಡುವಿನ ಸಮತಟ್ಟಿನಲ್ಲಿ ನಿಂತು ಉಸಿರು ತೆಗೆದುಕೊಂಡರು. ಎರಡನೆಯ ಭಾಗದಲ್ಲಿ ಗಾಲಿ ಗೇಣು ಗೇಣಾಗಿ ಏರತೊಡಗಿತು. ಎದುರಿನ ಅಂಗಡಿಗಳ ಮುಂದೆ ಜನ ನಿಂತಿದ್ದರು, ತಮ್ಮ ಕೈ ತಡೆದಿಟ್ಟುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ನನಗೆ ಕಾಣುತ್ತಿತ್ತು. ಯಾರೂ ಮುಟ್ಟಲಿಲ್ಲ. ಒಂದು ತಿರುವು, ಇನ್ನೊಂದು ತಿರುವು, ಮುಂದಿನ ಗಾಲಿ ಬಾಗಿಲಿಗೆ ತಾಗಿತು. ಚಾಚಾ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಗೆದ್ದೆ ಎಂದುಕೊಂಡೆ. ಕೊಟ್ಟ ಮಾತು ಉಳಿಯಿತು ಎಂದುಕೊಂಡೆ.

ಖಾನಾವಳಿಯಾಕೆ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ನಡೆದು ಬಂದ ನಾಲ್ಕು ಜನರ ಕಾಲಿಗೆ ನೀರು ಹಾಕಿ ಒಳಗೆ ಕಳಿಸಿದ್ದಳು. ಅಕ್ಕೋರು ಬಂದಾಗ ತಂಬಿಗೆಯನ್ನು ಸೆರಗಿನ ಹಿಂದೆ ಮಾಡಿಕೊಂಡು, ಬರ್ರಿ ಬರ್ರಿ ಎಂದು ದಾರಿ ಬಿಟ್ಟಳು. ಅಕ್ಕೋರು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಗಾಲಿ ಹಿಡಿದು ನಿಂತರು.

"ಅವರಿಗೆಲ್ಲಾ ಕಾಲಿಗೆ ನೀರು ಕೊಟ್ರಿ," ಎಂದರು. "ನಮಗ ಇಲ್ಲೇನ್ರಿ?"

ಖಾನಾವಳಿಯಾಕೆ ನನ್ನ ಕಡೆ ನೋಡಿದಳು. ಚಾಚಾ ನೋಡಿದರು, ಟೆಂಪೊ ಮಾಲೀಕ ನೋಡಿದ. ಊರಿಗೆಲ್ಲ ಪಾಠ ಹೇಳಿದವಳ ತಪ್ಪು ಬಾಗಿಲಲ್ಲಿ ಬಂದು ನಿಂತಿತ್ತು. ಇಳಿಜಾರಿನ ನಡುವೆ ಕೂತು ನಾನು ನಾಚಿಕೆಯಿಂದ ಕುಗ್ಗಿಹೋದೆ.

"ಆಕಿದಲ್ರಿ ಅಕ್ಕೋರ, ನನ್ನ ತಪ್ಪು," ಎಂದೆ. "ನಾನೇ ಬ್ಯಾಡ ಅಂದಿದ್ದೆ. ಗಾಲಿ ಜಾರತಾವಂತ. ಮತ್ತ... ನಮ್ಮ ಕಾಲಿಗೆ ಯಾಕ ಬೇಕಂತ."

ಅಕ್ಕೋರು ಕುರ್ಚಿ ಅರ್ಧ ತಿರುಗಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. "ಗಾಲಿ ಒರಸಿದ್ರ ಆತು. ಕಾಲು ನಡೀಲಿಲ್ಲಂದ್ರ ನಾ ಬಂದಿಲ್ಲಂತೇನು? ಧಾರವಾಡದಿಂದ ಬಂದೇನಿ."

ಖಾನಾವಳಿಯಾಕೆ ಬಾಗಿಲ ಹಿಂದಿನಿಂದ ಎತ್ತರದ ಅಂಚಿನ ಅಗಲವಾದ ಹಿತ್ತಾಳೆಯ ತಟ್ಟೆ, ನಮ್ಮ ಕಡೆಯ ಪರಾತ, ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಅದು ಆ ದಿನದ ತಯಾರಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಮೇಲೆ ಒಂದು ಹೊಸ ಟವೆಲು. "ಈಕಿ ಬ್ಯಾಡಂದ್ಲು ಅಂತ ಹೊರಗ ಇಟ್ಟಿದ್ದಿಲ್ಲರಿ. ಮನಸ ಕೇಳಲಿಲ್ಲ, ಬಾಗಲ ಹಿಂದ ಇಟ್ಟಿದ್ದೆ," ಎಂದು ಅಕ್ಕೋರ ಕಾಲ ಕೆಳಗೆ ಪರಾತ ಇಟ್ಟು, ಬಾಗಿ, ತಂಬಿಗೆಯಿಂದ ನೀರು ಹಾಕಿದಳು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಎರಡನೆಯ ಕುರ್ಚಿಯ ಹೆಂಗಸಿಗೂ ಹಾಕಿದಳು. ಅವರಿಬ್ಬರೂ ಒಳಗೆ ಹೋದರು.

ಆಮೇಲೆ ಪರಾತ ಎತ್ತಿಕೊಂಡು ನನ್ನ ಮುಂದೆ ಬಂದಳು.

"ನನಗ ಬ್ಯಾಡ ಯಕ್ಕಾ. ನಾ ಯಾವಾಗಲೂ ಬರಾಕಿ."

"ಬಂದಿ ಖರೇ. ಒಳಗ ಎಂದ ಬಂದಿ? ಕಾಲ ಮುಂದ ಮಾಡು."

ನಾನು ಮಾಡಲಿಲ್ಲ. ಆಕೆಯೇ ಕೂತು ನನ್ನ ಕಾಲುಚೀಲ ತೆಗೆದಳು. ಸೊರಗಿದ ಆ ಕಾಲುಗಳನ್ನು ನಾನು ಸೀರೆಯ ಕೆಳಗೆ ಮುಚ್ಚಿಟ್ಟೇ ಇಷ್ಟು ವರ್ಷ ಕಳೆದಿದ್ದೆ. ಹೆತ್ತ ತಾಯಿ ಬಿಟ್ಟರೆ ಇನ್ನೊಬ್ಬರು ಮುಟ್ಟಿರಲಿಲ್ಲ, ದವಾಖಾನೆಯವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಷ್ಟು ಮನೆಗಳಿಗೆ ಹೋಗಿದ್ದೇನೆ, ಎಷ್ಟು ಹೊಸ್ತಿಲಲ್ಲಿ ಎಲ್ಲರ ಕಾಲಿಗೆ ನೀರು ಕೊಟ್ಟು ನನ್ನನ್ನು ಹಾಗೇ ಎತ್ತಿ ಒಳಗಿಟ್ಟಿದ್ದಾರೆ, ಆ ನೀರು ನನಗೂ ಬೇಕಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಪೋಲಿಯೊ ಕಾಲಿನ ಬಲ ತೆಗೆಯುತ್ತದೆ, ಸ್ಪರ್ಶ ತೆಗೆಯುವುದಿಲ್ಲ. ಆಕೆ ನೀರು ಹಾಕಿದಳು. ಹಂಡೆಯ ನೀರು ತಣ್ಣಗಿತ್ತು, ಹಿಮ್ಮಡಿಯಿಂದ ಬೆರಳಿನವರೆಗೂ ತಿಳಿಯಿತು. ನಾನು ಅತ್ತೆ. ರಸ್ತೆಗೆ ಕಾಣುವ ಹಾಗೆ, ಎಲ್ಲರ ಮುಂದೆ, ಸಂತೋಷಕ್ಕೆ ಅತ್ತೆ. ಆಕೆ ಟವೆಲಿನಿಂದ ಒಂದೊಂದೇ ಕಾಲು ಒರೆಸಿ, "ಹೂಂ, ಈಗ ನಡಿ ಒಳಗ, ರೊಟ್ಟಿ ಆರತಾವ," ಎಂದಳು.

ಒಳಗೆ ಗೋಡೆ ಗಿಳಿಹಸಿರು. ಫ್ಯಾನು ತಿರುಗುವಾಗ ಕಿರ್ ಎನ್ನುತ್ತದೆ. ಅಕ್ಕೋರು ಮೇಜಿನಲ್ಲಿ ತಮ್ಮ ಪಕ್ಕ ಜಾಗ ಹಿಡಿದಿಟ್ಟಿದ್ದರು. ಏಳು ಜನ ಹೆಂಗಸರು ಕೂತು ಶೇಂಗಾ ಚಟ್ನಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಏನೇನೋ ಮಾತಾಡಿ ನಕ್ಕೆವು. ಆ ನಗುವಿಗೆ ಕಾರಣ ಬೇಕಿಲ್ಲ ಎಂಬುದು ಆಗ ತಿಳಿಯಿತು. ಊಟದ ನಡುವೆ ಅಕ್ಕೋರು ಟೆಂಪೊ ಮಾಲೀಕನನ್ನು ಕರೆದು, ಮುಂದಿನ ಚಳಿಗಾಲಕ್ಕೆ ಎಲ್ಲೆಲ್ಲಿಗೆ ಕರೆದುಕೊಂಡು ಹೋಗುತ್ತೀ ಎಂದು ಕೇಳಿದರು. ಮನೆಯಲ್ಲೇ ಕೂರುವ ತೀರ್ಮಾನ ಅವರಿಗೆ ಮರೆತೇಹೋಗಿತ್ತು.

ಈಗ ಬೇರೆ ಊರುಗಳಿಂದಲೂ ಅಂಥವರು ಬರುತ್ತಾರೆ. ನರಗುಂದದ ಒಂದು ಲಾಡ್ಜಿನವರು, ರೋಣದ ಚಹಾದಂಗಡಿಯವರು ಚಾಚಾನ ಬಳಿ ಇಳಿಜಾರು ಮಾಡಿಸಿದ್ದಾರೆ. ಯಾರಾದರೂ ಬೈಕಿನ ತಗಡು ಸಾಕು ಎಂದರೆ ಚಾಚಾ ಅವರನ್ನು ಕುರ್ಚಿಯಲ್ಲಿ ಕೂಡಿಸಿ ಏರಲು ಹೇಳುತ್ತಾರಂತೆ. ಪರಾತ ಈಗ ಬಾಗಿಲ ಹಿಂದಿಲ್ಲ, ಹಂಡೆಯ ಪಕ್ಕದಲ್ಲೇ ಇರುತ್ತದೆ.

ಮೊನ್ನೆ ಗಜೇಂದ್ರಗಡದಲ್ಲಿ ಕೆಲಸ ಮುಗಿಸಿ ಅವಸರದಲ್ಲಿದ್ದೆ. ರೋಣದಲ್ಲಿ ಜನ ಅರ್ಜಿ ಹಿಡಿದು ಕಾಯುತ್ತಿದ್ದರು. ಖಾನಾವಳಿಯ ಮುಂದೆ ಸ್ಕೂಟಿ ನಿಲ್ಲಿಸಿ, ಇಂಜಿನ್ ಆರಿಸದೆ ಕೂಗಿ ಹೇಳಿದೆ: "ಯಕ್ಕಾ, ಇವತ್ತೊಂದಿನ ಎರಡ ರೊಟ್ಟಿ ಗಾಡಿಗೇ ತಂದ ಕೊಡ. ಲಗೂ ಹೋಗಬೇಕು."

ಆಕೆ ಬಾಗಿಲಿಗೆ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪರಾತ ಎತ್ತಿಕೊಂಡಳು.

"ಇಲ್ಲೆ ಗಾಡಿಗೆ ಕೊಡಂಗಿಲ್ಲ," ಎಂದಳು. "ಒಳಗ ಬಾ."

ನಾನು ಇಂಜಿನ್ ಆರಿಸಿದೆ.